ಹೊಸ ಸಹಿಯ ಇಪ್ಪತ್ತು ಹಾಳೆ

ಜನವರಿ 8, ಗುರುವಾರ. ಕುಮಟಾ

ಇಂದಿನಿಂದ ಡೈರಿ ಕನ್ನಡದಲ್ಲಿ! ಇಷ್ಟು ವರ್ಷ ಇಂಗ್ಲಿಷಿನಲ್ಲೇ ಗೀಚುತ್ತಿದ್ದೆ. ಹೊನ್ನಾವರದಲ್ಲಿ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಈಗ ಕನ್ನಡಕ್ಕೆ ಕೈ ಪಳಗಬೇಕು. ಏಕೆಂದರೆ ನಾನು, ಅಮೂಲ್ಯಾ, ವಯಸ್ಸು ಇಪ್ಪತ್ತನಾಲ್ಕು, ಮದುವೆಯಾಗಿ ಇಂದಿಗೆ ನಲವತ್ತಮೂರು ದಿನ, ಪುರಸಭೆ ಚುನಾವಣೆಗೆ ನಿಲ್ಲುತ್ತಿದ್ದೇನೆ!!

ಮಧ್ಯಾಹ್ನ ಊಟದ ಹೊತ್ತಿಗೆ ತೀರ್ಮಾನವಾಯಿತು. ನನ್ನ ಮಾವ ನಾಗಪತಿ ಹೆಗಡೆಯವರು ಈ ವಾರ್ಡಿನಿಂದ ಎರಡು ಸಲ ಗೆದ್ದವರು. ಈ ಸಲ ವಾರ್ಡು ಮಹಿಳೆಯರಿಗೆ ಮೀಸಲು. ಎಲ್ಲರೂ ಅತ್ತೆಯ ಮುಖ ನೋಡಿದರು. ಹಿಂದೊಮ್ಮೆ ಹೀಗೇ ಮೀಸಲು ಬಂದಾಗ ಅತ್ತೆ ಐದು ವರ್ಷ ಸದಸ್ಯೆಯಾಗಿದ್ದರಂತೆ. ಅವರು ಮಜ್ಜಿಗೆ ಬಡಿಸುತ್ತ, “ಯನ್ನ ಕೈಲಿ ಆಗ್ತಿಲ್ಲೆ,” ಎಂದರು, ಅಷ್ಟೆ. ಆಗ ಮಾವ ನನ್ನ ಕಡೆ ತಿರುಗಿ, “ಕಲ್ತ ಕೂಸು ಮನೇಲೇ ಇದ್ದು. ಬೇರೆ ಎಂತಕ್ಕೆ ಹುಡುಕವು?” ಎಂದರು. ನನ್ನ ಗಂಡ ಶ್ರೀ ಮೇಜಿನ ಕೆಳಗೆ ನನ್ನ ಕಾಲು ತುಳಿದ. (ಅತ್ತೆಯ ಮುಂದೆ ‘ಇವರು’. ಇಲ್ಲಿ ಮಾತ್ರ ಶ್ರೀ, ನನ್ನ ಶ್ರೀ!)

ಮಾವನ ಪ್ರೀತಿ ನೋಡಿ. ಮದುವೆಯಾದ ಒಂಬತ್ತನೆಯ ದಿನವೇ ಇಲ್ಲಿಯ ಮತದಾರರ ಪಟ್ಟಿಗೆ ನನ್ನ ಹೆಸರು ಸೇರಿಸಲು ಅರ್ಜಿ ತುಂಬಿಸಿದ್ದರು. ಹೊಸ ಸೊಸೆಗೆ ಇಷ್ಟು ಬೇಗ ಊರಿನವಳೆಂದು ಗುರುತು ಕೊಡಿಸುವ ಮನೆ ಎಲ್ಲಿ ಸಿಗುತ್ತದೆ? ಈಗ ಪಟ್ಟಿಯಲ್ಲಿ ನಾವು ನಾಲ್ವರು ಸಾಲಾಗಿ ಇದ್ದೇವೆ. ಮಾವ ಕೆಂಪು ಪೆನ್ನಿನಿಂದ ನಾಲ್ಕೂ ಹೆಸರಿನ ಮುಂದೆ ಟಿಕ್ ಹಾಕಿ, “ಬೋಣಿ ಆತು,” ಎಂದರು. ನಾನು ಚಪ್ಪಾಳೆ ಹೊಡೆದೆ.

ಜನವರಿ 10

ನನ್ನ ಹೊಸ ಸಹಿ ಎಷ್ಟು ಚೆಂದ! ಅಮೂಲ್ಯಾ ಶ್ರೀಧರ ಹೆಗಡೆ. ‘ಶ್ರೀ’ಯ ಬಾಲವನ್ನು ಹಿಂದಕ್ಕೆ ಎಳೆದು ‘ಅ’ದ ಹೊಟ್ಟೆಯೊಳಗೆ ಸೇರಿಸಿದ್ದೇನೆ.

ಬೆಳಿಗ್ಗೆ ಮಾವ ಇಪ್ಪತ್ತು ಖಾಲಿ ಹಾಳೆ ತಂದುಕೊಟ್ಟರು. “ನಾಮಪತ್ರದಲ್ಲಿ ಸಹಿ ಎಲ್ಲ ಕಡೆ ಒಂದೇ ನಮೂನಿ ಇರವು ತಂಗಿ. ಹೊಸ ಹೆಸರಿಂದು ಕೈಗೆ ಕೂರಲಿ. ಹಾಳೆಗೊಂದು ಹಾಕು, ಕೆಳಗೆ, ಬಲದ ಬದಿಗೆ.” ಇಪ್ಪತ್ತಕ್ಕೂ ಒಂದೇ ಜಾಗದಲ್ಲಿ ಹಾಕಿದೆ, ಮುದ್ರೆ ಒತ್ತಿದ ಹಾಗೆ. ಶ್ರೀ ಭಟ್ಕಳದಿಂದ, ಅವನ ಬ್ಯಾಂಕಿನಿಂದ, ಬಂದು ನೋಡಿ, “ನಮ್ಮ ಮ್ಯಾನೇಜರಿಗೂ ಹಿಂಗೆ ಬತ್ತಿಲ್ಲೆ,” ಎಂದ.

ಅತ್ತೆ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಎಲ್ಲದಕ್ಕೂ ಹಾಕಿದ್ಯ?” ಎಂದು ಕೇಳಿದರು.

“ಎಲ್ಲದಕ್ಕೂ ಅತ್ತೆ! ನೋಡಿ!”

ನೋಡಲಿಲ್ಲ. ಒಳಗೆ ಹೋದರು. ಅತ್ತೆಗೆ ನಾನು ಇನ್ನೂ ಹಿಡಿಸಿಲ್ಲವೇನೋ.

ಜನವರಿ 12, ಸೋಮವಾರ

ಮನೆಮನೆ ಭೇಟಿ ಶುರು! ಪಟ್ಟಿ ಹಿಡಿದ ಮಾವ ಮುಂದೆ, ಧಾರೆ ಸೀರೆಯಲ್ಲಿ ನಾನು ನಡುವೆ, ಮಾವನ ಬಲಗೈ ವಿನಾಯಕ ಹಿಂದೆ. ನಾನು ಬಾಯಿಪಾಠ ಮಾಡಿದ ಸಾಲು ಹೇಳುವ ಮೊದಲೇ ಒಳಗೆ ಕರೆದು ಮಣೆ ಹಾಕಿ ಕೂರಿಸುತ್ತಾರೆ. ಹೊಸ ಮದುಮಗಳು ಮೊದಲ ಸಲ ಮನೆಗೆ ಬಂದಳೆಂದರೆ ಉಡಿ ತುಂಬದೆ ಕಳಿಸುವಂತಿಲ್ಲವಲ್ಲ! ಸೆರಗಿನ ತುಂಬ ಅಕ್ಕಿ, ಮೇಲೊಂದು ತೆಂಗಿನಕಾಯಿ, ರವಿಕೆ ಕಣ, ಕುಂಕುಮ. ಹನ್ನೊಂದು ಮನೆಗೆ ಹನ್ನೊಂದು ಕಾಯಿ. ಚೀಲ ಹೊತ್ತ ವಿನಾಯಕ, “ವೋಟು ಕೇಳುಕೆ ಬಂದದ್ದಾ, ಕಾಯಿ ವ್ಯಾಪಾರಕ್ಕಾ ಹೆಗಡೇರೆ?” ಎಂದು ಗೊಣಗಿದ.

ಮಾವ ನಕ್ಕರು. “ಉಡಿ ತುಂಬಿದ ಕೈ ಎದುರಿನವರ ಗುಂಡಿ ಒತ್ತುತ್ತಿಲ್ಲೆ. ಹೊರು.”

ಎಂಥ ತಲೆ ಮಾವನದು!

ಕೊನೆಗೆ ಕೆಳಕೇರಿ. ನಮ್ಮ ದಿಬ್ಬದಿಂದ ಇಳಿದರೆ ಉಬ್ಬರದ ನೀರು ಬರುವ ಗದ್ದೆಗಳಿಗೆ ತಾಗಿದ ಸಾಲು ಮನೆಗಳು. ಅಲ್ಲಿ ತರಕಾರಿ ಮಾರುವ ಬಂಗಾರಿ ಎಂಬವಳ ಮನೆಯಲ್ಲಿ ಚಹಾ ಕೊಟ್ಟರು. ಒಂದು ಗುಟುಕಿಗೆ ನನ್ನ ಮುಖ ಕಿವುಚಿತು. ಸಕ್ಕರೆ ಬದಲು ಉಪ್ಪು ಹಾಕಿದ್ದಾಳೆ ಎಂದುಕೊಂಡೆ!

ಬಂಗಾರಿ ನಕ್ಕಳು. ಐವತ್ತು ದಾಟಿದವಳು, ಕತ್ತಿನ ತುಂಬ ಕರಿಮಣಿ. “ನೀರೇ ಹಂಗೆ ಅಮ್ಮಾ. ಸಂಕ್ರಾಂತಿ ಬಂತು ಅಂದ್ರೆ ಮಳೆ ಬೀಳುವರಿಗೂ ನಮ್ಮ ಬಾವಿಲಿ ಸಮುದ್ರವೇ. ಬೆಳಿಗ್ಗೆ ತಂದ ಸಿಹಿಬಾವಿ ನೀರು ಖಾಲಿ ಆಯ್ತು, ಏನೂ ತಿಳ್ಕಳಬೇಡಿ.”

ಸಿಹಿಬಾವಿ ಇರುವುದು ನಮ್ಮ ಮನೆಯ ಬದಿಗೇ. ನಮ್ಮ ಪಾಗಾರದ ಗೋಡೆಗೂ ಮಾವ ಹೋದ ವರ್ಷ ಕೊಂಡ ರಸ್ತೆಬದಿಯ ಜಾಗಕ್ಕೂ ನಡುವೆ ಒಂದು ಓಣಿ. ಕೆಳಕೇರಿಯವರು ಅದರಲ್ಲಿ ಹತ್ತಿ ಬಂದು ಕುಡಿಯುವ ನೀರು ಒಯ್ಯುತ್ತಾರೆ.

ಬಂಗಾರಿ ನನ್ನ ಉಡಿಗೆ ಅಕ್ಕಿ ಹಾಕುತ್ತ ಹೇಳಿದಳು: “ಆ ಓಣಿ ಮುಚ್ಚುಕೆ ಕೊಡುದಿಲ್ಲ ಅಂತ ಒಂದು ಮಾತು ಹೇಳಿ. ಮತ್ತೆಂತದೂ ಕೇಳುದಿಲ್ಲ ನಾನು.”

“ಮುಚ್ಚುವವರು ಯಾರು? ನಾನಿರುವ ತನಕ ಸಾಧ್ಯವೇ ಇಲ್ಲ!” ಎಂದೆ.

“ಉಡಿಲಿ ಅಕ್ಕಿ ಇಟ್ಕಂಡು ಹೇಳಿದ ಮಾತು. ನೆನಪಿರಲಿ ಮಗಾ.”

ಮಾವ ಹೊರಗೆ ಫೋನಿನಲ್ಲಿದ್ದರು. ದಾರಿಯಲ್ಲಿ ಹೇಳಿದೆ. “ಹ್ಞಾ, ಹ್ಞಾ,” ಎಂದು ಮುಂದಿನ ಪುಟ ತಿರುಗಿಸಿದರು.

ಜನವರಿ 16, ಶುಕ್ರವಾರ

ನನಗೆ ಅಳು ಬರುತ್ತಿದೆ. ನಾಮಪತ್ರಕ್ಕೆ ಕೊನೆಯ ದಿನ, ಕೊನೆಯ ಗಳಿಗೆಯಲ್ಲಿ ಬಂಗಾರಿ ಬಂದು ಅರ್ಜಿ ಕೊಟ್ಟಳು! ಬೇರೆ ಯಾರೂ ಇಲ್ಲ. ನಾನು ಮತ್ತು ಅವಳು, ಇಬ್ಬರೂ ಪಕ್ಷೇತರರು.

ಕಚೇರಿಯ ಮೆಟ್ಟಿಲಲ್ಲಿ ಎದುರಾದಳು. ತಡೆಯಲಾಗಲಿಲ್ಲ. “ಉಡಿ ತುಂಬಿದವರೇ ನನ್ನ ಎದುರು ನಿಂತಿರಲ್ಲ?” ಎಂದೆ.

“ನಿಮ್ಮ ಎದುರು ಯಾರು ನಿಂತ್ರು ಅಮ್ಮಾ? ನಿಮ್ಮ ಹಿಂದೆ ನಿಂತವ್ರ ಎದುರು ನಿಂತದ್ದು ನಾನು.”

ಹಿಂದೆ ತಿರುಗಿ ನೋಡಿದೆ. ಮಾವ ಬೆವರು ಒರೆಸಿಕೊಳ್ಳುತ್ತಿದ್ದರು. ಇದೆಂಥ ಮಾತು? ಶ್ರೀ ಹೇಳಿದ, ರಾಜಕೀಯ ಅಂದರೆ ಇದೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತ. ಹಚ್ಚಿಕೊಳ್ಳುವುದಿಲ್ಲ.

ಜನವರಿ 20

ಹಿಂತೆಗೆತಕ್ಕೆ ಮೂರು ಗಂಟೆಯ ತನಕ ಅವಕಾಶವಿತ್ತು. ಬಂಗಾರಿ ತೆಗೆಯಲಿಲ್ಲ. ಎರಡು ದಿನದಿಂದ ವಿನಾಯಕ ಅವಳು ಕೂರುವ ಮೂಲೆಗೆ ಹೋಗಿ ಬುಟ್ಟಿಯ ಎದುರಿಗೇ ಬೈಕು ನಿಲ್ಲಿಸಿ ಗಂಟೆಗಟ್ಟಲೆ ಕೂರುತ್ತಿದ್ದನಂತೆ, ಒಬ್ಬರೂ ಕೊಳ್ಳಲು ಬಾರದ ಹಾಗೆ. ಅವನೇ ನಗುತ್ತ ಹೇಳಿದ. ಮಾವ ನಗಲಿಲ್ಲ, ಬೈಯಲೂ ಇಲ್ಲ. ನನಗೆ ಚಿಹ್ನೆ ಹೊಲಿಗೆ ಯಂತ್ರ, ಅವಳಿಗೆ ತರಕಾರಿ ಬುಟ್ಟಿ.



ಜನವರಿ 22, ಗುರುವಾರ

ಸಿಹಿಬಾವಿಯ ರಾಟೆ ಇಲ್ಲ! ಬೆಳಿಗ್ಗೆ ಎದ್ದಾಗ ಗೇಟಿನ ಹತ್ತಿರ ಕೊಡಗಳ ಸಾಲು, ಹೆಂಗಸರ ಸಾಲು. ಯಾರೂ ಕೂಗುತ್ತಿಲ್ಲ, ಅದಕ್ಕೇ ಹೆದರಿಕೆಯಾಯಿತು.

ಸಣ್ಣಮ್ಮ ಎಂಬ ಮುದುಕಿ ಕೇಳಿದಳು: “ರಾಟೆ ಕಂಡ್ರಾ ಹೆಗಡೇರೆ? ಕಾಲು ಬಂದು ನಡ್ದು ಹೋಯ್ತೇನೋ.”

“ಹಳೇದಾಗಿತ್ತು, ರಿಪೇರಿಗೆ ಕಳ್ಸಿದ್ದು. ವೋಟಿನ ಮರುದಿನ ಬರ್ತದೆ,” ಎಂದರು ಮಾವ.

“ರಿಪೇರಿಗೂ ವೋಟು ಉಂಟಾ ರಾಯರೆ?”

ಯಾರೋ ನಕ್ಕರು, ಥಟ್ಟನೆ ನಿಲ್ಲಿಸಿದರು. ಹೆಂಗಸರು ಬಾವಿಕಟ್ಟೆಗೆ ಹೋಗಿ ಹಗ್ಗವನ್ನು ಬರಿಗೈಯಲ್ಲೇ ಎಳೆಯತೊಡಗಿದರು. ಆ ಮುದುಕಿಯ ಸರದಿ ಬಂದಾಗ ನಾನು ಹೋಗಿ ಹಗ್ಗ ಹಿಡಿದೆ. ಮಾವ ಒಳಗಿನಿಂದ, “ತಂಗೀ, ಒಳಗೆ ಬಾ,” ಎಂದು ಕರೆದರು. ಕೇಳಿಸಿತು. ಕೊಡ ಅರ್ಧ ದಾರಿಯಲ್ಲಿತ್ತು, ಬಿಡುವುದು ಹೇಗೆ? ನಾಲ್ಕು ಕೊಡ ಎಳೆದೆ. ಸಾಲಿನ ಕೊನೆಯಲ್ಲಿ ಬಂಗಾರಿ ಇದ್ದಳು. ಹಗ್ಗ ಉಜ್ಜಿ ಗುಳ್ಳೆ ಎದ್ದ ನನ್ನ ಅಂಗೈ ಹಿಡಿದು ನೋಡಿ, “ಹುಳಿಬಾಳೆ ಸಿಪ್ಪೆ ಹಚ್ಚಿ ಮಗಾ,” ಎಂದಳು.

ಸಂಜೆ ಶ್ರೀ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, “ಯಾರಾದ್ರೂ ಫೋಟೊ ತೆಗೆದ್ವ? ಒಳ್ಳೇ ಪ್ರಚಾರ ಆಗ್ತಿತ್ತು,” ಎಂದ. ನಕ್ಕೆ. ಆಮೇಲೆ ಏಕೆ ನಕ್ಕೆ ಎಂದು ಅನಿಸಿತು.

ಜನವರಿ 24, ಶನಿವಾರ

ಮಾವ ಮನೆಯಲ್ಲಿರಲಿಲ್ಲ. ಮತದಾರರ ಚೀಟಿ ಬೇಕೆಂದು ವಿನಾಯಕ ಬಂದ. ಮಾವನ ಮೇಜಿನ ಹಸಿರು ಫೈಲು ತೆರೆದೆ. ಚೀಟಿ ಇರಲಿಲ್ಲ. ನನ್ನ ಸಹಿ ಇತ್ತು.

ಅಭ್ಯಾಸಕ್ಕೆಂದು ಬರೆದ ಅದೇ ಹಾಳೆಗಳು. ಹತ್ತೊಂಬತ್ತು ಖಾಲಿ. ಮೇಲಿನದರಲ್ಲಿ ಟೈಪು ಮಾಡಿದೆ:

‘...ಸದರಿ ಓಣಿಯು ಸಾರ್ವಜನಿಕರ ಬಳಕೆಯಲ್ಲಿ ಇರುವುದಿಲ್ಲ. ಅದನ್ನು ಮುಚ್ಚಿ ಪಕ್ಕದ ಜಾಗಕ್ಕೆ ಸೇರಿಸಿಕೊಳ್ಳಲು ಈ ವಾರ್ಡಿನ ಸದಸ್ಯೆಯಾದ ನನ್ನ ತಕರಾರು ಇರುವುದಿಲ್ಲ.’

ದಿನಾಂಕದ ಜಾಗ ಖಾಲಿ. ಕೆಳಗೆ, ಬಲದ ಬದಿಗೆ, ‘ಅ’ದ ಹೊಟ್ಟೆಯೊಳಗೆ ‘ಶ್ರೀ’ಯ ಬಾಲ.

ಮೂರು ಸಲ ಓದಿದೆ. ನನ್ನ ಕನ್ನಡ ಸಾಲದೆ ತಪ್ಪಾಗಿ ಓದುತ್ತಿದ್ದೇನೇನೋ ಎಂದು ನಾಲ್ಕನೆಯ ಸಲವೂ ಓದಿದೆ. ತಪ್ಪು ಓದಿರಲಿಲ್ಲ. ಹಾಳೆಗಳನ್ನು ತೆಗೆದುಕೊಳ್ಳಬೇಕಿತ್ತು. ಆದರೆ ಗೇಟಿನ ಸದ್ದಾಯಿತು, ಮಾವನ ಸ್ಕೂಟರು. ಫೈಲು ಮುಚ್ಚಿಟ್ಟುಬಿಟ್ಟೆ.

ಜನವರಿ 25

ಸ್ನಾನ ಮಾಡಿ ಬಂದ ಶ್ರೀಧರನಿಗೆ ಎಲ್ಲ ಹೇಳಿದೆ. ಅವನು ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಅಂದರೆ ಗೊತ್ತಿತ್ತು.

“ಅಲ್ಲಿ ಕಾಂಪ್ಲೆಕ್ಸ್ ಕಟ್ಟವು ಹೇಳಿ ಅಪ್ಪಯ್ಯನ ಆಸೆ. ಕೆಳಕೇರಿಯವಕ್ಕೆ ಬೇರೆ ದಾರಿ ಆಗ್ತು ಬಿಡು.”

“ಎಲ್ಲಿ ಆಗ್ತು?”

“ಆಗ್ತು.”

“ನಾನು ಉಡಿ ಅಕ್ಕಿ ಹಿಡಿದು ಮಾತು ಕೊಟ್ಟಿದ್ದೆ ಶ್ರೀಧರ.”

“ಕಲ್ತವಳು ನೀನು. ಅಕ್ಕಿ ಹಿಡಿದು ಕೊಟ್ಟ ಮಾತು ಹೇಳ್ತೆ!”

ಮಾವನನ್ನೇ ಕೇಳಿದೆ, ತಿಂಡಿಯ ಹೊತ್ತಿಗೆ, ಎಲ್ಲರ ಎದುರಿಗೇ. “ಆ ಹಾಳೆ ವಾಪಸ್ ಕೊಡಿ ಮಾವ.” ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು. ದೋಸೆ ಮುರಿಯುತ್ತ, “ಗೆದ್ದ ಮೇಲೆ ನೋಡನ ತಂಗಿ. ಈಗ ಇದೆಲ್ಲ ತಲೆಗೆ ಹಾಕ್ಯಳಡ,” ಎಂದರು. ತಿಂದು ಎದ್ದು ಹೋಗಿ, ಫೈಲನ್ನು ಕಪಾಟಿಗೆ ಹಾಕಿ ಬೀಗ ಹಾಕಿದರು. ಬೀಗದ ಕೈ ಜನಿವಾರಕ್ಕೆ ಕಟ್ಟಿಕೊಂಡರು.

ಜನವರಿ 27, ಮಂಗಳವಾರ

ಭೇಟಿ, ಭೇಟಿ, ಭೇಟಿ. ಇಂದು ಒಂಬತ್ತು ಕಾಯಿ. ಒಂದೊಂದೂ ಸೆರಗನ್ನು ಕೆಳಗೆ ಎಳೆಯುತ್ತದೆ. ಮೂವತ್ತೊಂದನೆಯ ಮನೆಯಲ್ಲಿ, “ನನಗೆ ಉಡಿ ಬೇಡ,” ಎಂದೆ. ಆ ಮನೆಯಾಕೆ ಬೆಚ್ಚಿಬಿದ್ದಳು. ಮಾವ, “ನಾಚ್ಕೆ ಅದಕ್ಕೆ,” ಎಂದು ನಕ್ಕು ತುಂಬಿಸಿದರು.

ಮಧ್ಯಾಹ್ನ ಅತ್ತೆ ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದರು. ನನ್ನದೇ ಉಡಿಯ ಕಾಯಿ, ರಾಶಿ ರಾಶಿ. ಪಕ್ಕದಲ್ಲಿ ಕೂತೆ.

“ಗೆದ್ದ ಮೇಲೆ ಮೀಟಿಂಗಿನಲ್ಲೇ ಎದ್ದು ನಿಂತು, ಆ ಪತ್ರ ನಂದಲ್ಲ ಅಂತ ಹೇಳ್ತೇನೆ ಅತ್ತೆ.”

ಅತ್ತೆ ಇನ್ನೊಂದು ಕಾಯಿ ತೆಗೆದುಕೊಂಡರು. “ಆನೂ ಹಾಂಗೇ ಅಂದ್ಕಂಡಿದ್ದಿ,” ಎಂದರು. ಆಮೇಲೆ, ನಾನು ಈ ಮನೆಗೆ ಬಂದಂದಿನಿಂದ ಅವರು ಆಡಿದ್ದರಲ್ಲೆಲ್ಲ ಉದ್ದದ ಮಾತು ಆಡಿದರು: “ಆ ಐದು ವರ್ಷದಲ್ಲಿ ಆನು ಮೂರು ಮೀಟಿಂಗಿಗೆ ಹೋದಿ. ಎರಡರಲ್ಲಿ ಚಾ ಕುಡದಿ. ಒಂದರಲ್ಲಿ ಎದ್ದು ನಿಂತಿ. ಎಂತ ಹೇಳವು ಹೇಳಿ ಬಾಯಿಗೆ ಬರದ್ರೊಳಗೆ, ‘ಸದಸ್ಯೆಯವರದ್ದು ಪತ್ರ ಬಂದಿದೆ, ಅವರ ಒಪ್ಪಿಗೆ ಇದೆ’ ಹೇಳಿ ಯಾರೋ ಓದಿದ. ಸಹಿ ಯಂದೇ. ಬಂದ ನೆಂಟರೆಲ್ಲ ಹೊಗಳಿದ ಸಹಿ. ಕೂತ್ಗಂಡಿ.”

ನಾಮಪತ್ರ ಹಿಂತೆಗೆಯುವ ದಿನ ಕಳೆದು ವಾರವಾಯಿತು. ಹಾಳೆ ಬೀಗದೊಳಗಿದೆ. ನಾನು ಗೆದ್ದರೆ ಅವು ಪತ್ರ. ಸೋತರೆ ರದ್ದಿ.

ಇದನ್ನು ಬರೆದು ಎರಡು ಸಲ ಓದಿದೆ.

ಜನವರಿ 30

ಪ್ರಚಾರ ಮುಗಿಯಿತು. ಧ್ವನಿವರ್ಧಕದ ಆಟೋದಲ್ಲಿ ದಿನವಿಡೀ ನನ್ನದೇ ಹೆಸರು. ಬಂಗಾರಿಯವರಿಗೆ ಆಟೋ ಇಲ್ಲ. ಬುಟ್ಟಿಯನ್ನೇ ತಲೆಯ ಮೇಲಿಟ್ಟು ನಮ್ಮ ಮೇಲಿನ ಕೇರಿಗೂ ಬಂದಿದ್ದರು. ನಮ್ಮ ಮನೆಗೂ ಬಂದರು. ಜಗುಲಿಯಲ್ಲಿ ಮಾವನಿಗೆ ಕೈಮುಗಿದು, “ಒಂದು ವೋಟು ಕೊಡಿ ಹೆಗಡೇರೆ,” ಎಂದರು.

ಮಾವ ಗಟ್ಟಿಯಾಗಿ ನಕ್ಕರು. “ನಮ್ಮನೇಲಿ ನಾಲ್ಕು ಅದೆ, ಯಾವುದು ಬೇಕು?”

“ಮಿಕ್ಕಿ ಬಂದದ್ದು ಯಾವುದಾದ್ರೂ ಆಯ್ತು ಒಡೆಯಾ. ತರಕಾರಿ ಆದ್ರೂ ಹಂಗೇ ಅಲ್ವಾ, ಉಳ್ದದ್ದು ತಾನೇ ನಮ್ಮ ಮನೆಗೆ?”

ಅತ್ತೆ ಒಳಗಿನಿಂದ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ ತಂದುಕೊಟ್ಟರು. ಬಂಗಾರಿಯವರು ಪೂರ್ತಿ ಕುಡಿದು, “ಸಿಹಿ,” ಎಂದರು.

ಫೆಬ್ರುವರಿ 1, ಭಾನುವಾರ

ಮತದಾನ. ನಾಲ್ವರೂ ಒಟ್ಟಿಗೆ ಹೋದೆವು. ಮಾವ, ಶ್ರೀಧರ, ಅತ್ತೆ, ಕೊನೆಗೆ ನಾನು. ಒಳಗೆ ರಟ್ಟಿನ ಮರೆ, ಯಂತ್ರ. ಎರಡೇ ಹೆಸರು. ಮೊದಲ ಸಾಲು ನನ್ನದು, ಪಕ್ಕದಲ್ಲಿ ಪುಟ್ಟ ಹೊಲಿಗೆ ಯಂತ್ರ. ಅಚ್ಚಾದ ನನ್ನ ಹೆಸರು ನೋಡಲು ಎಷ್ಟು ಕಾದಿದ್ದೆ! ಒಂದು ತಿಂಗಳ ಹಿಂದಾಗಿದ್ದರೆ ಫೋಟೊ ತೆಗೆಯಬಹುದೇ ಎಂದು ಕೇಳುತ್ತಿದ್ದೆನೇನೋ.

ಮಾವನ ನಗು ನೆನಪಾಯಿತು, ಕಾಲು ತುಳಿದ ಶ್ರೀಧರನೂ ನೆನಪಾದ. ಅಂಗೈಯ ಗುಳ್ಳೆ ಒಣಗಿ ಚರ್ಮ ಸುಲಿಯುತ್ತಿದೆ. ಬೆರಳು ಒಂದು ಸಾಲು ಕೆಳಗೆ ಇಳಿಯಿತು. ಬುಟ್ಟಿ. ಆ ಬೀಪ್ ಸದ್ದು ಊರಿಗೆಲ್ಲ ಕೇಳಿಸಿತು ಎಂದು ಅನಿಸಿತು.

ಹೊರಗೆ ಮಾವ ನನ್ನ ಬೆರಳಿನ ಶಾಯಿ ನೋಡಿ, “ಆತಲ, ಗೆದ್ದೆ!” ಎಂದರು. ಅತ್ತೆ ಚಪ್ಪಲಿ ಹುಡುಕುತ್ತಿದ್ದರು.

ಫೆಬ್ರುವರಿ 2

ರಾಟೆ ಬಂದಿಲ್ಲ.

ಫೆಬ್ರುವರಿ 4, ಬುಧವಾರ

ಬಂಗಾರಿ 412. ನಾನು 409.

ಸೋತದ್ದಕ್ಕೆ ಇಷ್ಟು ನೋವಾಗುತ್ತದೆ ಎಂದು ಗೊತ್ತಿರಲಿಲ್ಲ, ನಾನೇ ಬಯಸಿದ್ದಲ್ಲವೇ? ಎಣಿಕೆಯ ಕೋಣೆಯ ಹೊರಗೆ ಕೆಳಕೇರಿಯವರು ಬುಟ್ಟಿಗಳನ್ನು ಮೇಲಕ್ಕೆ ಹಾರಿಸುತ್ತಿದ್ದರು. ಬಂಗಾರಿಯವರು ಹತ್ತಿರ ಬಂದರು, ಏನೋ ಹೇಳಲು ಹೊರಟು, ಮಾವನನ್ನು ನೋಡಿ, ಕೈಮುಗಿದು ಹೋದರು.

ಮಾವ ಮನೆಗೆ ಬಂದು ಅಂಗಿ ಸಹ ಬಿಚ್ಚದೆ ಕೂತರು. “ಎರಡು ವೋಟು. ಎರಡೇ ಎರಡು ಇತ್ಲಾಗಿ ಬಿದ್ದಿದ್ರೆ 411, 410. ಗೆದ್ದಾಗಿತ್ತು. ಯಾವ ಮನೆದು ಅದು?”

ಎರಡು? ಒಂದು ನನಗೆ ಗೊತ್ತು. ಒಂದರಿಂದ ನಾನು ಗೆಲ್ಲುತ್ತಿರಲಿಲ್ಲ.

ಕೋಣೆಯಲ್ಲಿ ಶ್ರೀಧರ, “ಒಂದು ಮಾತು ಕೇಳ್ಲಾ?” ಎಂದ.

“ಕೇಳು.”

“ಬೇಡ, ಬಿಡು,” ಎಂದ. ನನ್ನ ಅಂಗೈ ತೆಗೆದು ನೋಡಿ, ಮತ್ತೆ ಮುಚ್ಚಿದ.

ಫೆಬ್ರುವರಿ 5

ಬೆಳಿಗ್ಗೆ ಬಚ್ಚಲೊಲೆಯ ಮುಂದೆ ಅತ್ತೆ ಕೂತಿದ್ದರು. ಪಕ್ಕದಲ್ಲಿ ಹಸಿರು ಫೈಲು. ಮಾವ ಎದ್ದವರೇ ಬೀಗ ತೆಗೆದು ಅದನ್ನು ರದ್ದಿಯ ಮೂಲೆಗೆ ಎಸೆದಿದ್ದರಂತೆ. ಅತ್ತೆ ಒಂದೊಂದೇ ಹಾಳೆ ಸುರುಳಿ ಸುತ್ತಿ ಒಲೆಗೆ ಇಡುತ್ತಿದ್ದರು. ನನ್ನ ಸಹಿ ಮೊದಲು ಕಂದಾಗಿ, ಆಮೇಲೆ ಬೆಳ್ಳಗಾಗಿ, ಇಲ್ಲವಾಗುತ್ತಿತ್ತು. ಸ್ವಲ್ಪ ಹೊಟ್ಟೆ ಉರಿಯಿತು. ಚೆಂದದ ಸಹಿ ಅದು.

ಕೊನೆಗೆ ಟೈಪು ಮಾಡಿದ್ದು ಉಳಿಯಿತು. ಅತ್ತೆ ಅದನ್ನು ನನ್ನ ಕಡೆ ಚಾಚಿದರು. “ಇದು ನೀನೇ ಹಾಕು.”

ಹಾಕಿದೆ.

“ಯಂದು ಮೂವತ್ತಿತ್ತು,” ಎಂದರು ಅತ್ತೆ, ಬೆಂಕಿ ನೋಡುತ್ತ. “ಒಂದೂ ಉಳದ್ದಿಲ್ಲೆ, ಎಲ್ಲ ಖರ್ಚಾತು.”

ಅವರ ಬೆರಳ ಶಾಯಿ ಉಗುರಿನ ಬುಡದಲ್ಲಿ ಇನ್ನೂ ಕಪ್ಪಗಿತ್ತು. ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಕಿರ್ರ್ ಎಂದು ಸದ್ದು ಬಂತು, ಹಿಂದೆಯೇ ಹೆಂಗಸರ ನಗು. ಯಾರೋ ಹೊಸ ರಾಟೆ ತಂದು ಕಟ್ಟಿದ್ದರು. ಅತ್ತೆ ಎದ್ದು ಸೆರಗು ಕೊಡವಿ, “ನೀರು ಕಾದ್ತು. ಹೋಗು, ಮಿಂದ್ಕಂಡು ಬಾ,” ಎಂದರು.

ಈಗ ಜಗುಲಿಯ ಈಚೆ ಕೂತು ಬರೆಯುತ್ತಿದ್ದೇನೆ. ಮಾವ ಮತದಾರರ ಪಟ್ಟಿ ಹರಡಿಕೊಂಡು ಆ ಎರಡು ವೋಟು ಹುಡುಕುತ್ತಿದ್ದಾರೆ. ಒಂದೊಂದು ಮನೆಯ ಮೇಲೂ ಪೆನ್ನು ನಿಲ್ಲಿಸಿ ಯೋಚಿಸುತ್ತಾರೆ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತಾರೆ. ನಮ್ಮ ಮನೆಯ ಪುಟ ಬಂತು. ಅಲ್ಲಿ ನಿಲ್ಲಲಿಲ್ಲ. ನಾಲ್ಕೂ ಹೆಸರಿನ ಮುಂದೆ ಮೊದಲ ದಿನವೇ ಅವರದೇ ಕೈಯ ಕೆಂಪು ಟಿಕ್ ಇತ್ತಲ್ಲ. ತಿರುಗಿಸಿ ಮುಂದಿನ ಪುಟಕ್ಕೆ ಹೋದರು.